ನಿಂತ ಸೈಕಲ್ಲಿನ ರೇಸು: ಕಾಲು ನಿಜ, ಉಳಿದದ್ದೆಲ್ಲ ಲೆಕ್ಕ

ಮನೆಯೊಳಗೆ, ನಿಂತಲ್ಲೇ ನಿಂತ ಸೈಕಲ್ ತುಳಿದು ರೇಸ್ ಮಾಡುತ್ತೀನಿ ಅಂದರೆ ಚಿಕ್ಕಬಳ್ಳಾಪುರದಲ್ಲಿ ಜನ ಒಂಥರಾ ನೋಡುತ್ತಾರೆ. ಅವರದ್ದೇನೂ ತಪ್ಪಿಲ್ಲ. ನಂದಿ ಬೆಟ್ಟದ ಬುಡದ ಊರು ಇದು. ಭಾನುವಾರ ಬೆಳಕು ಹರಿಯುವ ಮುಂಚೆ ಬೆಂಗಳೂರಿನಿಂದ ಸೈಕಲ್ಲಿನವರು ಲೈಟ್ ಮಿಣುಕಿಸಿಕೊಂಡು ಸಾಲಾಗಿ ಬೆಟ್ಟ ಹತ್ತೋಕೆ ಬರುತ್ತಾರೆ, ಇಲ್ಲೇ ಇರುವವನು ಬಾಗಿಲು ಹಾಕಿಕೊಂಡು ಟಿವಿ ಮುಂದೆ ತುಳಿಯುತ್ತಾನೆ. "ಅಲ್ಲಪ್ಪಾ, ಅಷ್ಟು ಬೆವರು ಸುರಿಸಿ ಎಲ್ಲಿಗೆ ಹೋದೆ?" ಅಂತ ಕೆಳಗಿನ ಮನೆಯ ಆಂಟಿ ಕೇಳಿದ್ದರು. ಅದಕ್ಕಿಂತ ಒಳ್ಳೆಯ ಪ್ರಶ್ನೆ ಪಕ್ಕದ ಮನೆಯ ಹುಡುಗನದ್ದು: "ಅಣ್ಣಾ, ಸೈಕಲ್ಲೇ ಓಡಲ್ಲ ಅಂದ್ಮೇಲೆ ಯಾರು ಮುಂದೆ, ಯಾರು ಹಿಂದೆ ಅಂತ ಹೇಗೆ ಗೊತ್ತಾಗುತ್ತೆ?"

ವಿಷಯ ಇರುವುದೇ ಅಲ್ಲಿ. ವರ್ಚುವಲ್ ರೇಸಿನಲ್ಲಿ ನಿಜವಾದದ್ದು ನಿಮ್ಮ ಕಾಲು ಹಾಕುವ ಶಕ್ತಿ ಒಂದೇ. ವೇಗ, ದೂರ, ಏರು, ಗಾಳಿ ಎಲ್ಲವೂ ಕಂಪ್ಯೂಟರ್ ಮಾಡುವ ಲೆಕ್ಕ. ಆ ಲೆಕ್ಕ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿಲ್ಲದೆ ಬರೀ ಜೋರಾಗಿ ತುಳಿದರೆ, ನಿಮಗಿಂತ ಕಾಲಿನಲ್ಲಿ ದಮ್ ಕಡಿಮೆ ಇರುವವರೂ ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ.

ಮೊದಲು ಯಂತ್ರ. ಇದಕ್ಕೆ ಸ್ಮಾರ್ಟ್ ಟ್ರೈನರ್ ಅನ್ನುತ್ತಾರೆ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಫ್ರೇಮನ್ನು ಈ ಯಂತ್ರದ ಮೇಲೆ ಕೂರಿಸಿ, ಚೈನನ್ನು ಅದರ ಹಲ್ಲುಗಳಿಗೆ ಹಾಕಬೇಕು. ಚಕ್ರ ಬಿಚ್ಚದೆ ಟೈರನ್ನು ರೋಲರ್‌ಗೆ ಒತ್ತಿ ನಿಲ್ಲಿಸುವ ಅಗ್ಗದ ಮಾದರಿಗಳೂ ಇವೆ. ಒಳಗೆ ಭಾರದ ಒಂದು ಗಾಲಿ ಇರುತ್ತದೆ, ಅದನ್ನು ಹಿಡಿದು ನಿಧಾನ ಮಾಡುವುದಕ್ಕೆ ಆಯಸ್ಕಾಂತದ ಬ್ರೇಕ್ ಇರುತ್ತದೆ. ನೀವು ಎಷ್ಟು ವಾಟ್ ಶಕ್ತಿ ಹಾಕುತ್ತಿದ್ದೀರಿ ಅಂತ ಯಂತ್ರ ಅಳೆದು ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪಿಗೋ ಫೋನಿಗೋ ಕಳಿಸುತ್ತಾ ಇರುತ್ತದೆ. ಪರದೆಯ ಮೇಲೆ ಏರು ಬಂದರೆ ಆ್ಯಪ್ ವಾಪಸ್ ಯಂತ್ರಕ್ಕೆ ಹೇಳುತ್ತದೆ, ಬ್ರೇಕ್ ಬಿಗಿಯಾಗುತ್ತದೆ, ಪೆಡಲ್ ಭಾರವಾಗುತ್ತದೆ.

ಆ್ಯಪ್‌ಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ಝ್ವಿಫ್ಟ್. 2014ರಲ್ಲಿ ಶುರುವಾದದ್ದು, ಅದರೊಳಗೆ ವಟೋಪಿಯಾ ಅನ್ನೋ ಕಾಲ್ಪನಿಕ ದ್ವೀಪವೇ ಇದೆ. ತಿಂಗಳಿಗೆ ಸುಮಾರು 20 ಡಾಲರ್ ಕೊಡಬೇಕು, ಅದು ನಮ್ಮಂಥವರಿಗೆ ಕಡಿಮೆಯೇನಲ್ಲ. ಮೈವೂಶ್ ಅನ್ನೋದಕ್ಕೆ ದುಡ್ಡಿಲ್ಲ, ಅದರಲ್ಲೂ ದಿನವೂ ರೇಸುಗಳಿವೆ. ರುಚಿ ನೋಡುವುದಾದರೆ ಅಲ್ಲಿಂದಲೇ ಶುರು ಮಾಡಿ ಅಂತ ನನ್ನ ಸಲಹೆ.

ಈಗ ಲೆಕ್ಕಕ್ಕೆ ಬರೋಣ. ಆ್ಯಪ್‌ಗೆ ನಿಮ್ಮ ಬಗ್ಗೆ ಗೊತ್ತಿರುವುದು ಹೆಚ್ಚೇನಿಲ್ಲ. ಟ್ರೈನರ್ ಕಳಿಸುವ ವಾಟ್, ನೀವೇ ಟೈಪ್ ಮಾಡಿದ ತೂಕ, ನೀವೇ ಟೈಪ್ ಮಾಡಿದ ಎತ್ತರ. ಅದಕ್ಕೆ ರಸ್ತೆಯ ಏರನ್ನೂ, ಮುಂದೆ ಯಾರಾದರೂ ಇದ್ದಾರಾ ಅನ್ನೋದನ್ನೂ, ಆಟದೊಳಗೆ ನೀವು ಆರಿಸಿಕೊಂಡ ಸೈಕಲ್ ಯಾವುದು ಅನ್ನೋದನ್ನೂ ಸೇರಿಸಿ ವೇಗ ಎಷ್ಟು ಅಂತ ಹೇಳುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಇಬ್ಬರಿದ್ದಾರೆ, ಒಬ್ಬರು 60 ಕೆಜಿ, ಇನ್ನೊಬ್ಬರು 80 ಕೆಜಿ. ಇಬ್ಬರೂ ಸರಿಯಾಗಿ 240 ವಾಟ್ ಹಾಕುತ್ತಿದ್ದಾರೆ, ಸೈಕಲ್ ಇಬ್ಬರದ್ದೂ 8 ಕೆಜಿ. ಸಮತಟ್ಟು ರಸ್ತೆಯಲ್ಲಿ ಇಬ್ಬರ ವೇಗವೂ ಗಂಟೆಗೆ ಹೆಚ್ಚೂಕಡಿಮೆ 36-37 ಕಿಲೋಮೀಟರ್. ವ್ಯತ್ಯಾಸ ಬಹಳ ಸಣ್ಣದು, ಯಾಕೆಂದರೆ ಅಲ್ಲಿ ಶತ್ರು ಗಾಳಿ, ತೂಕ ಅಲ್ಲ. ಈಗ ರಸ್ತೆಯನ್ನು ಶೇಕಡಾ 8ರ ಏರು ಮಾಡಿ. ಅಂದರೆ 100 ಮೀಟರ್ ಹೋದರೆ 8 ಮೀಟರ್ ಮೇಲೆ ಹತ್ತಬೇಕು. 60 ಕೆಜಿಯವರು ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರ್‌ನಲ್ಲಿ ಹೋದರೆ 80 ಕೆಜಿಯವರು ಹನ್ನೊಂದೂವರೆಯಲ್ಲಿ ಏದುಸಿರು ಬಿಡುತ್ತಿರುತ್ತಾರೆ. ಒಂದೇ ಕಿಲೋಮೀಟರ್ ಮುಗಿಯುವಷ್ಟರಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಅಂತರ ಬಿದ್ದಿರುತ್ತದೆ. ಶಕ್ತಿ ಇಬ್ಬರದ್ದೂ ಅಷ್ಟೇ, ನೆನಪಿರಲಿ.

ಅದಕ್ಕೇ ಈ ಆಟದಲ್ಲಿ ಎಲ್ಲರ ಬಾಯಲ್ಲೂ ವಾಟ್ಸ್ ಪರ್ ಕೆಜಿ. ವಾಟನ್ನು ತೂಕದಿಂದ ಭಾಗಿಸಿದರೆ ಬರುವ ಸಂಖ್ಯೆ. ಮೇಲಿನ ಇಬ್ಬರಲ್ಲಿ ಒಬ್ಬರದ್ದು 4, ಇನ್ನೊಬ್ಬರದ್ದು 3. ಆದರೆ ಈ ಸಂಖ್ಯೆಯನ್ನೇ ದೇವರು ಮಾಡಿಕೊಳ್ಳಬೇಡಿ. ಸಮತಟ್ಟಿನ ರೇಸಿನಲ್ಲಿ, ಕೊನೆಯ 200 ಮೀಟರಿನ ಸ್ಪ್ರಿಂಟಿನಲ್ಲಿ, ದಪ್ಪ ತೊಡೆಯ 80 ಕೆಜಿ ಆಸಾಮಿ ಒಂದು ಸಾವಿರ ವಾಟ್ ಒದ್ದರೆ 60 ಕೆಜಿಯವರು ಬಾಯಿ ಬಿಟ್ಟುಕೊಂಡು ನೋಡಬೇಕು ಅಷ್ಟೇ. ನಿಮ್ಮ ಮೈ ಎಂಥದ್ದು ಅಂತ ನೋಡಿಕೊಂಡು ರೇಸ್ ಆರಿಸಿಕೊಳ್ಳುವುದೇ ಅರ್ಧ ಗೆಲುವು. ಝ್ವಿಫ್ಟ್‌ನಲ್ಲಿ ಫ್ರಾನ್ಸಿನ ಆಲ್ಪ್ ದುವೆಜ್ ಬೆಟ್ಟದ ನಕಲೇ ಇದೆ, 12 ಕಿಲೋಮೀಟರ್, 21 ತಿರುವು, ಸಾವಿರ ಮೀಟರ್ ಏರು. 85 ಕೆಜಿ ಇಟ್ಟುಕೊಂಡು ಮೊದಲ ರೇಸಿಗೇ ಅಲ್ಲಿ ಹೋಗಿ ನಿಲ್ಲಬೇಡಿ.

ಇಲ್ಲಿ ಒಂದು ಸಣ್ಣ ಗೊಂದಲ ಬಿಡಿಸಿಬಿಡುತ್ತೀನಿ. ಆ್ಯಪ್‌ನಲ್ಲಿ ಟ್ರೈನರ್ ಡಿಫಿಕಲ್ಟಿ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಕಡಿಮೆ ಮಾಡಿದರೆ ರೇಸ್ ಸುಲಭ ಆಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಆಗಲ್ಲ. ಅದು ಏರು ನಿಮ್ಮ ಕಾಲಿಗೆ ಎಷ್ಟು ತಟ್ಟಬೇಕು ಅನ್ನೋದನ್ನು ಮಾತ್ರ ಬದಲಾಯಿಸುತ್ತದೆ. ಅರ್ಧಕ್ಕೆ ಇಟ್ಟರೆ ಶೇಕಡಾ 8ರ ಏರು ಕಾಲಿಗೆ ಶೇಕಡಾ 4ರ ಹಾಗೆ ಅನ್ನಿಸುತ್ತದೆ, ಗೇರ್ ಜಾಸ್ತಿ ಬದಲಾಯಿಸಬೇಕಾಗಿಲ್ಲ. ಆದರೆ ಮೇಲೆ ಹೋಗುವ ವೇಗ ನೀವು ಹಾಕುವ ವಾಟ್‌ನಿಂದಲೇ ಬರುವುದು, ಅದರಲ್ಲಿ ಒಂದು ಪೈಸೆ ರಿಯಾಯಿತಿ ಇಲ್ಲ.

ಇನ್ನು ಗಾಳಿ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟು ಆಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಅದಕ್ಕೇ ರಸ್ತೆಯ ರೇಸುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುತ್ತಾರೆ, ಮುಂದಿನವರು ಗಾಳಿ ತಡೆಯುತ್ತಾರೆ, ಹಿಂದಿನವರಿಗೆ ಕೆಲಸ ಕಮ್ಮಿ. ಇದೇ ಡ್ರಾಫ್ಟ್. ಕೋಣೆಯಲ್ಲಿ ಗಾಳಿಯೇ ಇಲ್ಲದಿದ್ದರೂ ಆ್ಯಪ್ ಇದನ್ನು ಲೆಕ್ಕದಲ್ಲಿ ಕೊಡುತ್ತದೆ. ಗುಂಪಿನ ಒಳಗಿದ್ದರೆ ಅದೇ ವೇಗಕ್ಕೆ ಸುಮಾರು ಕಾಲು ಭಾಗದಷ್ಟು ಶಕ್ತಿ ಉಳಿತಾಯ ಆಗುತ್ತದೆ ಅಂದುಕೊಳ್ಳಿ. ಗುಂಪು ತಪ್ಪಿ ಹತ್ತು ಮೀಟರ್ ಹಿಂದೆ ಬಿದ್ದಿರೋ, ಆ ರಿಯಾಯಿತಿ ಪೂರ್ತಿ ಹೋಯಿತು. ಒಬ್ಬರೇ ತುಳಿದು ಮತ್ತೆ ಗುಂಪು ಸೇರುವುದು ಹೆಚ್ಚಿನ ಸಲ ಆಗದ ಮಾತು. ಹಾಗಾಗಿ ಅನುಭವಸ್ಥರು ರೇಸಿನುದ್ದಕ್ಕೂ ಪರದೆಯ ಬಲಗಡೆ ಇರುವ, ಹತ್ತಿರದ ಸವಾರರ ಪಟ್ಟಿಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ತನಗೂ ಮುಂದಿನವರಿಗೂ ಇರುವ ಅಂತರ ಒಂದು ಸೆಕೆಂಡು, ಎರಡು ಸೆಕೆಂಡು ಅಂತ ಬೆಳೆಯೋಕೆ ಶುರುವಾದರೆ ಗುಂಪು ತುಂಡಾಗುತ್ತಿದೆ ಅಂತ ಅರ್ಥ. ತಕ್ಷಣ ಒದ್ದು ಮುಂದಿನ ತುಂಡಿನಲ್ಲಿ ಸೇರಿಕೊಳ್ಳಬೇಕು.

ನಿಜವಾದ ರಸ್ತೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನು ಗೊತ್ತಾ? ಇಲ್ಲಿ ಯಾರೂ ಯಾರಿಗೂ ಗುದ್ದುವುದಿಲ್ಲ. ಪರದೆಯ ಸೈಕಲ್ಲುಗಳು ಒಂದರೊಳಗೊಂದು ತೂರಿಕೊಂಡು ಹೋಗುತ್ತವೆ. ತಿರುವಿನಲ್ಲಿ ಬ್ರೇಕ್ ಹಿಡಿಯುವ ಮಾತೂ ಇಲ್ಲ. ನಂದಿಯಿಂದ ಇಳಿಯುವಾಗ ಎರಡು ಬೆರಳು ಬ್ರೇಕಿನ ಮೇಲೇ ಇರಬೇಕು, ಎದುರಿಗೆ ಕಾರು ಬರುತ್ತದೆ, ಮಂಜಿನಲ್ಲಿ ರಸ್ತೆ ಒದ್ದೆಯಾಗಿರುತ್ತದೆ, ಕೋತಿ ಅಡ್ಡ ಬರುತ್ತದೆ. ಅಲ್ಲಿ ಧೈರ್ಯಕ್ಕೂ ಕೈಚಳಕಕ್ಕೂ ಬೆಲೆ ಇದೆ. ಇಲ್ಲಿ ಅದಕ್ಕೆ ಕಿಮ್ಮತ್ತಿಲ್ಲ, ಬರೀ ಶಕ್ತಿಗೇ ಬೆಲೆ.

ಇದರ ಪರಿಣಾಮ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲೇ ಕಾಣಿಸಿತು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2020ರ ಡಿಸೆಂಬರ್‌ನಲ್ಲಿ ಝ್ವಿಫ್ಟ್ ಮೇಲೆ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ರಸ್ತೆಯ ದೊಡ್ಡ ದೊಡ್ಡ ವೃತ್ತಿಪರರೆಲ್ಲ ಅವರವರ ಮನೆಯಿಂದಲೇ ತುಳಿದರು. ಗಂಡಸರಲ್ಲಿ ಗೆದ್ದದ್ದು ಜರ್ಮನಿಯ ಜೇಸನ್ ಓಸ್ಬೋರ್ನ್. ಆತ ಮೂಲತಃ ದೋಣಿ ಹುಟ್ಟು ಹಾಕುವವನು! ಮುಂದಿನ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರೋಯಿಂಗ್‌ನಲ್ಲೇ ಬೆಳ್ಳಿ ಪದಕ ತಂದ. ಹೆಂಗಸರಲ್ಲಿ ಗೆದ್ದದ್ದು ದಕ್ಷಿಣ ಆಫ್ರಿಕಾದ ಆ್ಯಶ್ಲೀ ಮೂಲ್ಮನ್-ಪಾಸಿಯೊ, ಅವರು ರಸ್ತೆಯಲ್ಲೇ ಹೆಸರಾದವರು. ಇನ್ನೊಂದು ಕಥೆ ಆಸ್ಟ್ರೇಲಿಯಾದ ಜೇ ವೈನ್‌ನದ್ದು. ಝ್ವಿಫ್ಟ್ ಅಕಾಡೆಮಿ ಅನ್ನೋ ಸ್ಪರ್ಧೆ ಗೆದ್ದು ವೃತ್ತಿಪರ ತಂಡ ಸೇರಿದ, 2022ರಲ್ಲಿ ಸ್ಪೇನಿನಲ್ಲಿ ಹಲವು ದಿನ ಹಂತ ಹಂತವಾಗಿ ನಡೆಯುವ ವುಎಲ್ಟಾ ರೇಸಿನಲ್ಲಿ ಎರಡು ಹಂತ ಗೆದ್ದ, ಅದೇ ವರ್ಷ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್ನೂ ಆದ. ಇದು ಬರೀ ವಿಡಿಯೊ ಗೇಮ್ ಅನ್ನುವವರಿಗೆ ನಾನು ಹೇಳುವುದು ಈ ಹೆಸರುಗಳನ್ನೇ.

ಆಟದ ಅಂಶವೂ ಇದೆ, ಇಲ್ಲ ಅನ್ನಲ್ಲ. ಝ್ವಿಫ್ಟ್ ರೇಸುಗಳಲ್ಲಿ ಪವರ್-ಅಪ್ ಸಿಗುತ್ತವೆ. ಪುಕ್ಕದ ಚಿತ್ರದ್ದು ಬಂದರೆ ಕೆಲವು ಸೆಕೆಂಡು ನಿಮ್ಮ ತೂಕ ಕಡಿಮೆ ಅಂತ ಲೆಕ್ಕ, ಹೆಲ್ಮೆಟ್ಟಿನ ಚಿತ್ರದ್ದು ಬಂದರೆ ಗಾಳಿಯ ತಡೆ ಕಡಿಮೆ. ಪುಕ್ಕವನ್ನು ಏರಿಗೆ, ಹೆಲ್ಮೆಟ್ಟನ್ನು ಕೊನೆಯ ಸ್ಪ್ರಿಂಟಿಗೆ ಇಟ್ಟುಕೊಳ್ಳಿ. ಅದರ ಬಗ್ಗೆ ಇಷ್ಟು ಸಾಕು.

ಯಾರು ಯಾರ ಜೊತೆ ಓಡಬೇಕು ಅನ್ನೋದಕ್ಕೆ ವಿಭಾಗಗಳಿವೆ. ಬಹಳ ವರ್ಷ ನಡೆದದ್ದು ಎ, ಬಿ, ಸಿ, ಡಿ ಪದ್ಧತಿ. ಒಂದು ಗಂಟೆಯಷ್ಟು ಹೊತ್ತು ಎಳೆಯಬಲ್ಲ ಶಕ್ತಿಗೆ ಎಫ್‌ಟಿಪಿ ಅನ್ನುತ್ತಾರೆ. ಅದನ್ನು ಕಂಡುಹಿಡಿಯಲು ಗಂಟೆಗಟ್ಟಲೆ ಸಾಯಬೇಕಿಲ್ಲ, 20 ನಿಮಿಷ ಕೈಲಾದಷ್ಟು ತುಳಿದು ಸರಾಸರಿ ವಾಟ್‌ನ ಶೇಕಡಾ 95 ತೆಗೆದುಕೊಂಡರೆ ಹತ್ತಿರ ಬರುತ್ತದೆ. ಅದು ಕೆಜಿಗೆ 2.5ಕ್ಕಿಂತ ಕಡಿಮೆ ಇದ್ದರೆ ಡಿ, 2.5ರಿಂದ 3.2ರವರೆಗೆ ಸಿ, 4ರವರೆಗೆ ಬಿ, ಅದರ ಮೇಲೆ ಎ. ತೊಂದರೆ ಏನಾಯಿತು ಅಂದರೆ, ಸಿಯಲ್ಲಿ 3.19 ಇರುವವರು ರಾಜರ ಹಾಗೆ ಇರುತ್ತಾರೆ, 3.21 ಆದ ದಿನ ಬಿಯಲ್ಲಿ ಎಲ್ಲರಿಗಿಂತ ಹಿಂದೆ. ಹಾಗಾಗಿ ಬೇಕಂತಲೇ ಪೂರ್ತಿ ಶಕ್ತಿ ತೋರಿಸದೆ ಕೆಳಗಿನ ವಿಭಾಗದಲ್ಲೇ ಕೂತು ಗೆಲ್ಲುವವರು ಹುಟ್ಟಿಕೊಂಡರು. ಅದಕ್ಕೆ ಮದ್ದು ಅಂತ ಝ್ವಿಫ್ಟ್ 2024ರಲ್ಲಿ ರೇಸಿಂಗ್ ಸ್ಕೋರ್ ತಂದಿತು. ಕಾಲಿನ ಶಕ್ತಿಯ ಜೊತೆಗೆ ರೇಸಿನ ಫಲಿತಾಂಶವೂ ಲೆಕ್ಕಕ್ಕೆ ಬರುತ್ತದೆ, ಗೆದ್ದರೆ ಅಂಕ ಏರುತ್ತದೆ, ಅಂಕ ಏರಿದರೆ ಮೇಲಿನ ಗುಂಪಿಗೆ ಹೋಗಲೇಬೇಕು. ನನಗೆ ಇದೇ ನ್ಯಾಯ ಅನ್ನಿಸುತ್ತದೆ.

ಮೋಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲವೂ ಲೆಕ್ಕ ಅಂದಮೇಲೆ ಲೆಕ್ಕಕ್ಕೆ ಕೊಡುವ ಸಂಖ್ಯೆ ಸುಳ್ಳಾದರೆ ರೇಸೂ ಸುಳ್ಳು. ಎಲ್ಲಕ್ಕಿಂತ ಸುಲಭದ ಮೋಸ ತೂಕ. 80 ಕೆಜಿ ಇರುವವರು 70 ಅಂತ ಟೈಪ್ ಮಾಡಿದರೆ ಸಾಕು, ಮೇಲೆ ಹೇಳಿದ ಅದೇ ಏರಿನಲ್ಲಿ, ಅದೇ 240 ವಾಟ್‌ಗೆ, ಕಿಲೋಮೀಟರಿಗೆ ಅರ್ಧ ನಿಮಿಷ ಪುಕ್ಕಟೆ. ಒಂದು ತೊಟ್ಟು ಬೆವರಿಲ್ಲ. ಇದರಲ್ಲಿ ಬೇಕಂತ ಮಾಡುವವರಿಗಿಂತ ಉದಾಸೀನದವರೇ ಜಾಸ್ತಿ ಅಂತ ನನ್ನ ಅನುಮಾನ. ಮದುವೆಗೆ ಮುಂಚಿನ ತೂಕವನ್ನು ಹಾಕಿ ಮರೆತವರು. ಯುಗಾದಿ ಹೋಳಿಗೆ, ಊರಹಬ್ಬದ ಊಟ ಎಲ್ಲ ಆದಮೇಲೂ ಆ್ಯಪ್‌ನಲ್ಲಿ ಮಾತ್ರ ಅದೇ 68!

ಎರಡನೆಯದು ಯಂತ್ರ. ಒಳ್ಳೆಯ ಟ್ರೈನರ್ ಶೇಕಡಾ ಒಂದೆರಡರೊಳಗೆ ತಪ್ಪುತ್ತದೆ, ಅಂದರೆ 240 ವಾಟ್‌ನಲ್ಲಿ ಐದು ವಾಟ್ ಆಚೆ ಈಚೆ. ಟೈರ್ ಒತ್ತುವ ಅಗ್ಗದ ಮಾದರಿಗಳಲ್ಲಿ ಟೈರಿನ ಗಾಳಿ, ಬಿಸಿ, ರೋಲರ್ ಎಷ್ಟು ಬಿಗಿಯಾಗಿದೆ ಅನ್ನೋದರ ಮೇಲೆ ತಪ್ಪು ಇನ್ನೂ ಬೆಳೆಯುತ್ತದೆ. ಆದ್ದರಿಂದ ಹತ್ತು ನಿಮಿಷ ತುಳಿದು ಯಂತ್ರ ಬಿಸಿಯಾದ ಮೇಲೆ ಸ್ಪಿನ್‌ಡೌನ್ ಮಾಡಬೇಕು. ಜೋರಾಗಿ ತುಳಿದು ಕಾಲು ಬಿಟ್ಟರೆ ಗಾಲಿ ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನೋದರಿಂದ ಯಂತ್ರ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ.

ಮೇಲಿನ ಮಟ್ಟದಲ್ಲಿ ಕಾವಲು ಬಿಗಿ. ರೇಸಿಗೆ ಮುಂಚೆ ತೂಕದ ಯಂತ್ರದ ಮೇಲೆ ನಿಂತ ವಿಡಿಯೊ ಕಳಿಸಬೇಕು. ಟ್ರೈನರ್ ಒಂದು ಕಡೆ, ಪೆಡಲ್ಲಿನಲ್ಲೋ ಅದನ್ನು ಹಿಡಿದಿರುವ ಕ್ರ್ಯಾಂಕಿನಲ್ಲೋ ಇದ್ದು ವಾಟ್ ಅಳೆಯುವ ಬೇರೆ ಪವರ್ ಮೀಟರ್ ಇನ್ನೊಂದು ಕಡೆ, ಎರಡರಲ್ಲೂ ದಾಖಲಿಸಿ ಹೋಲಿಸಿ ನೋಡುತ್ತಾರೆ. ಎದೆಗೆ ಕಟ್ಟಿಕೊಂಡು ಎದೆಬಡಿತ ಅಳೆಯುವ ಪಟ್ಟಿ ಕಡ್ಡಾಯ. 300 ವಾಟ್ ಹಾಕುವಾಗ ಎದೆಬಡಿತ 110 ಇದ್ದರೆ ಎಲ್ಲರ ಹುಬ್ಬೂ ಏರುತ್ತದೆ ಅಲ್ವಾ? 2020ರ ವಿಶ್ವ ಚಾಂಪಿಯನ್‌ಶಿಪ್‌ಗೆ ಎಲ್ಲರಿಗೂ ಒಂದೇ ಮಾದರಿಯ ಟ್ರೈನರ್ ಕೊಟ್ಟಿದ್ದರು. 2024ರಲ್ಲಿ ಆ ಚಾಂಪಿಯನ್‌ಶಿಪ್ ಮೈವೂಶ್‌ಗೆ ಹೋದಾಗ ಫೈನಲನ್ನು ಅಬುಧಾಬಿಯಲ್ಲಿ ಎಲ್ಲರನ್ನೂ ಒಂದೇ ಕಡೆ ಕೂರಿಸಿ ನಡೆಸಿದರು. ಗಂಡಸರಲ್ಲಿ ಮತ್ತೆ ಓಸ್ಬೋರ್ನ್ ಗೆದ್ದ. ತಮಾಷೆಯ ಮೋಸವೂ ಆಗಿದೆ. 2019ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಇ-ರೇಸ್ ಗೆದ್ದವನ ಪಟ್ಟ ಕಿತ್ತುಕೊಂಡರು, ಆರು ತಿಂಗಳು ನಿಷೇಧವನ್ನೂ ಹಾಕಿದರು. ಯಾಕೆ ಅಂದರೆ ಆಟದೊಳಗಿನ ಒಂದು ವೇಗದ ಸೈಕಲ್ ಸಿಗಬೇಕಾದರೆ ಬೆಟ್ಟ ಹತ್ತಿ ಹತ್ತಿ ಗಳಿಸಬೇಕಿತ್ತು, ಅವನು ಆ ಬೆಟ್ಟವನ್ನು ಕಂಪ್ಯೂಟರ್ ಪ್ರೋಗ್ರಾಮಿನ ಕೈಯಲ್ಲಿ ಹತ್ತಿಸಿದ್ದ. ರೇಸಿನ ದಿನ ತುಳಿದದ್ದು ಅವನೇ, ಗಳಿಕೆ ಮಾತ್ರ ಕಳ್ಳ ಗಳಿಕೆ.

ಇನ್ನು ನಮ್ಮ ಕಡೆಯ ತಾಪತ್ರಯಗಳು. ಎಲ್ಲಕ್ಕಿಂತ ದೊಡ್ಡದು ಸೆಕೆ. ನಮ್ಮ ಮೈ ಸುಡುವ ಶಕ್ತಿಯಲ್ಲಿ ಪೆಡಲ್ಲಿಗೆ ಹೋಗುವುದು ನಾಲ್ಕರಲ್ಲಿ ಒಂದು ಪಾಲು, ಅಷ್ಟೂ ಇರಲಿಕ್ಕಿಲ್ಲ. 200 ವಾಟ್ ತುಳಿಯುವವರ ಮೈಯಿಂದ 600 ವಾಟ್‌ಗೂ ಜಾಸ್ತಿ ಬಿಸಿ ಹೊರಗೆ ಬರುತ್ತಿರುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಆನ್ ಮಾಡಿ ಕೋಣೆಯಲ್ಲಿ ಇಟ್ಟ ಹಾಗೆ. ರಸ್ತೆಯಲ್ಲಾದರೆ ಎದುರುಗಾಳಿ ಅದನ್ನು ಒಯ್ಯುತ್ತದೆ. ಒಳಗೆ ಬಿಸಿ ಮೈಯಲ್ಲೇ ನಿಂತರೆ ರಕ್ತ ಚರ್ಮದ ಕಡೆ ಹರಿಯುತ್ತದೆ, ಎದೆಬಡಿತ ಏರುತ್ತದೆ, ವಾಟ್ ಬೀಳುತ್ತದೆ. ತಲೆ ಮೇಲಿನ ಸೀಲಿಂಗ್ ಫ್ಯಾನ್ ಏನೂ ಸಾಲದು. ಎದುರಿಗೆ ಎದೆಯ ಮಟ್ಟಕ್ಕೆ ಒಂದು ಜೋರಾದ ಸ್ಟ್ಯಾಂಡ್ ಫ್ಯಾನ್ ಬೇಕೇ ಬೇಕು, ಏಪ್ರಿಲ್‌ನಲ್ಲಿ ಎರಡು. ಹ್ಯಾಂಡಲ್ ಮೇಲೆ ಟವೆಲ್ ಹಾಸಿ. ಬೆವರಿನ ಉಪ್ಪು ಹೆಡ್‌ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗುವ ಜಾಗದ, ಬೋಲ್ಟುಗಳನ್ನು ತುಕ್ಕು ಹಿಡಿಸುತ್ತದೆ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಆಮೇಲೆ ಕರೆಂಟು. ಕರೆಂಟು ಹೋದರೆ ಹೆಚ್ಚಿನ ಟ್ರೈನರ್‌ಗಳ ಕಥೆ ಅಲ್ಲಿಗೆ ಮುಗಿಯಿತು, ಕೆಲವು ಮಾದರಿಗಳು ಮಾತ್ರ ನೀವು ತುಳಿದ ಶಕ್ತಿಯಲ್ಲೇ ತಾವೂ ನಡೆಯುತ್ತವೆ. ಟ್ರೈನರ್, ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿಡಿ, ಎರಡೂ ಹೆಚ್ಚು ಕರೆಂಟು ಎಳೆಯುವುದಿಲ್ಲ. ಇಂಟರ್ನೆಟ್ ವೇಗದ ಚಿಂತೆ ಬೇಡ, ವಿಡಿಯೊ ನೋಡುವಷ್ಟೂ ಡೇಟಾ ಹೋಗಲ್ಲ. ಕಡಿದು ಕಡಿದು ಬರಬಾರದು ಅಷ್ಟೇ. ನೆಟ್ ಕಡಿದರೆ ನಿಮ್ಮ ಸೈಕಲ್ ನಿಲ್ಲುವುದಿಲ್ಲ, ಸುತ್ತಲಿದ್ದ ಅಷ್ಟೂ ಜನ ಒಮ್ಮೆಲೇ ಮಾಯ ಆಗಿಬಿಡುತ್ತಾರೆ. ಖಾಲಿ ರಸ್ತೆಯಲ್ಲಿ ನೀವೊಬ್ಬರೇ, ಡ್ರಾಫ್ಟೂ ಇಲ್ಲ. ಬ್ಲೂಟೂತ್ ಕಡಿದರೆ ವಾಟ್ ಸೊನ್ನೆ ಆಗಿ ಪರದೆಯ ಸೈಕಲ್ಲೇ ನಿಂತುಬಿಡುತ್ತದೆ, ಗುಂಪು ಕಣ್ಣೆದುರೇ ಹೋಗುತ್ತದೆ. ಇನ್ನು ಮಹಡಿ ಮನೆಯಾದರೆ ಟ್ರೈನರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಸದ್ದಿಗಿಂತ ನೆಲದ ಅದುರು ಕೆಳಗಿನ ಮನೆಗೆ ಜಾಸ್ತಿ ಕೇಳುತ್ತದೆ.

ಹೊತ್ತು ಕೂಡ ಒಂದು ಸಮಸ್ಯೆಯೇ. ತುಂಬಿ ತುಳುಕುವ ರೇಸುಗಳು ಯೂರೋಪಿನ ಸಂಜೆಗೆ. ಲಂಡನ್ನಿನಲ್ಲಿ ಸಂಜೆ 7 ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಮುದ್ದೆ ಉಂಡು ಮಲಗುವ ಹೊತ್ತಿನಲ್ಲಿ ಯಾರು ಮಾಡುತ್ತಾರೆ ಹೇಳಿ? ನನಗೆ ಒಗ್ಗಿದ್ದು ಬೆಳಗಿನ ಜಾವ ಐದೂವರೆಯ ಸುಮಾರು, ಅಮೆರಿಕದ ಪಶ್ಚಿಮದಲ್ಲಿ ಆಗ ಕೆಲಸ ಬಿಟ್ಟು ಬರುವ ಹೊತ್ತು. ಸೆಕೆಯೂ ಇರಲ್ಲ.

ಮೊದಲ ರೇಸು ಅಂತ ಇದ್ದರೆ 20 ಕಿಲೋಮೀಟರ್ ಒಳಗಿನ, ಏರು ಕಡಿಮೆ ಇರುವ ದಾರಿ ಆರಿಸಿ. ಶುರುವಾಗುವ ಮುಂಚೆ 15-20 ನಿಮಿಷ ಮೈ ಬಿಸಿ ಮಾಡಿಕೊಳ್ಳಲೇಬೇಕು. ರಸ್ತೆಯ ರೇಸಿನ ಹಾಗೆ ಇಲ್ಲಿ ನಿಧಾನಕ್ಕೆ ಹೊರಡುವ ಪದ್ಧತಿ ಇಲ್ಲ, ಮೊದಲ ಎರಡು ಮೂರು ನಿಮಿಷ ಎಲ್ಲರೂ ಹುಚ್ಚು ಹಿಡಿದವರ ಹಾಗೆ ಒದೆಯುತ್ತಾರೆ. ಯಾಕೆ ಅಂತ ಈಗ ನಿಮಗೇ ಗೊತ್ತು, ಮುಂದಿನ ಗುಂಪಿನ ಡ್ರಾಫ್ಟ್ ತಪ್ಪಿದರೆ ರೇಸೇ ತಪ್ಪಿದ ಹಾಗೆ. ಗಡಿಯಾರ ಸೊನ್ನೆ ಆಗುವ ಹತ್ತು ಸೆಕೆಂಡು ಮುಂಚೆಯೇ ಜೋರಾಗಿ ತುಳಿಯುತ್ತಿರಿ, ಯಾಕೆಂದರೆ ಕಾಲು ಒತ್ತಿದ್ದು ಪರದೆಗೆ ಬರಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ಕೊನೆಯ ಸ್ಪ್ರಿಂಟಿಗೂ ಅದೇ ಮಾತು, ಮನಸ್ಸು ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆ ಶುರು ಮಾಡಿ. ರೇಸ್ ಮುಗಿದ ಮೇಲೆ ಉಸಿರು ಹತೋಟಿಗೆ ಬರುವವರೆಗೆ ಕಾಲಾಡಿಸುತ್ತಾ ಇರಿ, ಧಡಕ್ಕನೆ ಇಳಿದರೆ ತಲೆ ಸುತ್ತುತ್ತದೆ.

ಗೆರೆ ದಾಟಿದಾಗ ಪರದೆಯ ಮೇಲೆ ಬರುವ ಸ್ಥಾನವನ್ನು ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ಗುಂಪಿಗೆ ಕಳಿಸಲು ಅವಸರ ಮಾಡಬೇಡಿ. ಎದೆಬಡಿತದ ಪಟ್ಟಿ ಇಲ್ಲದವರು, ವಿಭಾಗದ ಮಿತಿ ಮೀರಿದವರು ಆಮೇಲೆ ಫಲಿತಾಂಶದ ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ರಾತ್ರಿ ಹದಿನೆಂಟನೆಯವರಾಗಿ ಮಲಗಿದವರು ಬೆಳಿಗ್ಗೆ ಹನ್ನೊಂದನೆಯವರಾಗಿ ಏಳುವುದು ಇಲ್ಲಿ ಮಾಮೂಲು.